ದೊರೆಗೆ ಬಿಟ್ಟ ಎರಡಿಂಚು

ನಮ್ಮ ಮನೆಯಲ್ಲಿ ಪ್ರಯಾಣದ ಬ್ಯಾಗು ಅಂತ ಇರುವುದು ಒಂದೇ. ಎರಡನೆಯದು ಬೇಕಾಗಲೇ ಇಲ್ಲ. ನಾನು ಹೊರಟರೆ ಹೆಂಡತಿ ಮನೆಯಲ್ಲಿ, ಅವಳು ಹೊರಟರೆ ನಾನು ಮನೆಯಲ್ಲಿ. ಅವಳ ತಂಗಿಯ ಮದುವೆಗೆ ಅವಳೊಬ್ಬಳೇ ಹೋದಳು, ನನ್ನ ಅಣ್ಣನ ಮಗನ ಮದುವೆಗೆ ನಾನೊಬ್ಬನೇ ಹೋದೆ. ಗಂಡ ಹೆಂಡತಿಗೆ ಸರಿಯಿಲ್ಲ ಅಂತ ನೆಂಟರೆಲ್ಲ ಆಡಿಕೊಂಡರಂತೆ. ಆಡಿಕೊಳ್ಳಲಿ. ನಾನು ದರ್ಜಿ, ಏನು ಬೇಕಾದರೂ ಹೊಲಿದೇನು, ಊರ ಬಾಯಿ ಹೊಲಿಯೋದು ನನ್ನ ಕೈಲೂ ಆಗಲ್ಲ.

ಇದಕ್ಕೆಲ್ಲ ಕಾರಣ ದೊರೆ. ದೊರೆ ಅಂದರೆ ನಮ್ಮ ನಾಯಿ. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ತುಂಬುವ ಪೆಟ್ಟಿಗೆ ಇದೆ. ಒಂದು ಬೆಳಿಗ್ಗೆ ನೋಡಿದರೆ ಅದರೊಳಗೆ ಅಂಗೈಯಗಲದ ಮರಿಯೊಂದು ಮಲಗಿತ್ತು. ಯಾರು ತಂದು ಹಾಕಿದರೋ, ತಾನೇ ನುಗ್ಗಿತೋ ಗೊತ್ತಿಲ್ಲ. ಸಂಜೆಯೊಳಗೆ ಆಚೆ ಬಿಡ್ತೀನಿ ಅಂದೆ. ಆ ಸಂಜೆ ಇನ್ನೂ ಬಂದಿಲ್ಲ. ಒಂದು ಸಲ ಪಕ್ಕದ ಮನೆಯವರ ಹತ್ತಿರ ಬಿಟ್ಟು ಇಬ್ಬರೂ ಹೋಗಿದ್ದೆವು. ಮಹಾರಾಯ, ನಾವು ವಾಪಸ್ ಬರುವ ತನಕ ಊಟ ಹಾಗಿರಲಿ, ನೀರೂ ಮುಟ್ಟಲಿಲ್ಲ. ಅವತ್ತಿನಿಂದ ಒಬ್ಬರು ಹೋಗುವುದು, ಒಬ್ಬರು ಉಳಿಯುವುದು.

ಈಗ ದೊರೆಗೆ ವಯಸ್ಸಾಯಿತು. ಮೂತಿ ನರೆತಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ, ಹಿಂಗಾಲು ಮೆಟ್ಟಿಲು ಹತ್ತಲ್ಲ. ಡಾಕ್ಟರು ಅವನ ಎದೆ ಪರೀಕ್ಷೆ ಮಾಡಿ, "ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆಚೆ ಬಂದು ರಸ್ತೆ ದಾಟುವಾಗ ಹೆಂಡತಿ ಅಂದಳು, "ರೀ, ಈ ವರ್ಷ ಸಮುದ್ರಕ್ಕೆ ಹೋಗೋಣ. ಮೂರೂ ಜನ. ಇವನು ಹೋದ್ಮೇಲೆ ನನಗೆ ಯಾವ ಸಮುದ್ರನೂ ಬೇಡ." ನಾವಿಬ್ಬರೂ ಸಮುದ್ರ ನೋಡಿದವರಲ್ಲ. ಒಬ್ಬರನ್ನು ಬಿಟ್ಟು ಒಬ್ಬರು ನೋಡಬಾರದು ಅಂತ ಒಂದು ಹಟ, ಅಷ್ಟೇ. ಮಿಕ್ಕ ಊರುಗಳನ್ನು ಸರದಿ ಪ್ರಕಾರ ನೋಡಿಕೊಂಡೆವು, ಅದೊಂದನ್ನು ಇಬ್ಬರಿಗೂ ಅಂತ ಎತ್ತಿಟ್ಟಿದ್ದೆವು.

ಸಮುದ್ರದ ಹತ್ತಿರ ಉಳಿಯೋಕೆ ಬಾಡಿಗೆ ಮನೆಯ ಹುಡುಕಾಟ ಎಲ್ಲಾ ಅಂಗಡಿಯಲ್ಲೇ. ಶಾಲೆ ತೆರೆಯುವ ಕಾಲ, ಮೇಜಿನ ಮೇಲೆ ಯೂನಿಫಾರಂ ರಾಶಿ. ಆ ಕೆಲಸ ಮುಗಿದ ವಾರವೇ ಹೊರಡುವುದು ಅಂತ ತೀರ್ಮಾನ. ನಾನು ಮಿಷನ್ನು ತುಳಿಯುತ್ತಿದ್ದೆ, ಅವಳು ಒಂದು ಗುಂಡಿ ಹಾಕಿ ಒಂದು ಮನೆ ನೋಡುತ್ತಿದ್ದಳು, ಮೊಬೈಲಿನಲ್ಲಿ. ನಾಯಿಗಳಿಗೆ ಸ್ವಾಗತ ಅಂತ ಎಲ್ಲರೂ ದೊಡ್ಡದಾಗಿ ಹಾಕಿರುತ್ತಾರೆ. ಕೆಳಗೆ ಓದುತ್ತಾ ಹೋದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಕಥೆ. ಒಂದು ಮನೆಯಲ್ಲಿ ನಾಯಿ ಬರಬಹುದು, ಆದರೆ ಒಳಗೆ ಬರಬಾರದು. ಇನ್ನೊಂದರಲ್ಲಿ ಒಳಗೆ ಬರಬಹುದು, ಆದರೆ ನೆಲದ ಮೇಲೆ ಮಲಗಬಾರದು. ಮತ್ತೊಂದು ಚೆನ್ನಾಗಿತ್ತು, ಆದರೆ ಮೂರನೇ ಮಹಡಿ.

"ಇಲ್ಲಿ ಬೊಗಳೋ ಹಾಗಿಲ್ಲವಂತೆ" ಅಂದಳು.

"ಹಾಗಾದ್ರೆ ನಿನ್ನ ಕರ್ಕೊಂಡು ಹೋಗೋಕಾಗಲ್ಲ ಕಣೇ."

ಸೂಜಿ ಹಿಡಿದ ಕೈ ನನ್ನ ಮೊಣಕೈ ಹತ್ತಿರ ಬಂತು. ನಾನು ಬಾಯಿ ಮುಚ್ಚಿಕೊಂಡು ಹೊಲಿದೆ.

ಅಳೆದೂ ಸುರಿದೂ ಕೊನೆಗೆ ಒಂದು ಮನೆ ಸಿಕ್ಕಿತು. ನೀಲಿ ಕಿಟಕಿ, ಬಾಗಿಲಿಗೆ ಮೆಟ್ಟಿಲೇ ಇಲ್ಲ, ಗೇಟು ದಾಟಿದರೆ ಮರಳು. ಅವಳು ಆ ಫೋಟೊ ನನ್ನ ಮೂಗಿಗೇ ಹಿಡಿದಳು. ಮನೆಯೊಡತಿಗೆ ಫೋನ್ ಮಾಡಿದೆವು. ಆಕೆ ಖಡಕ್ ಹೆಂಗಸು. ಮನೆಯ ಪಕ್ಕದ ಕಟ್ಟೆ ಗಿಡ್ಡ, ಅದರಾಚೆ ಬಂಡೆ, ಹಿಂದೆ ಯಾರದೋ ದೊಡ್ಡ ನಾಯಿ ಹಾರಿ ಕಾಲು ಮುರಿದುಕೊಂಡಿತಂತೆ. ಅದಕ್ಕೇ ಭುಜದ ತನಕ ಹದಿನೆಂಟು ಇಂಚಿಗಿಂತ ಎತ್ತರದ ನಾಯಿ ಬೇಡ, ಎತ್ತರ ಅಳೆದು ಕಳಿಸಿ, ಆಮೇಲೆ ಬುಕ್ ಮಾಡ್ತೀನಿ ಅಂದರು.

ಅಳತೆ ತಾನೇ. ಯಾರ ಹತ್ತಿರ ಹೇಳ್ತಿದೀರ ತಾಯಿ ಅಂದುಕೊಂಡೆ. ಕುತ್ತಿಗೆಯಲ್ಲಿ ಟೇಪು ನೇತು ಹಾಕಿಕೊಂಡೇ ಬಾಳಿದವನು ನಾನು. ದೊರೆಯನ್ನು ಎಬ್ಬಿಸಿ ನಿಲ್ಲಿಸಿ ಅಳೆದು ಕಳಿಸಿದೆ. ಬಾಯಲ್ಲಿ ಸೂಜಿ, ಎದುರಿಗೆ ಅಂಗಿ ಅಳತೆಗೆ ಬಂದ ಮಕ್ಕಳ ಸಾಲು. ಅದೇ ಉಸಿರಿನಲ್ಲಿ ಅವನ ಎದೆ, ಉದ್ದ ಎಲ್ಲಾ ಬರೆದಿಟ್ಟುಕೊಂಡು, ಸಮುದ್ರದ ಗಾಳಿಗೆ ಅಂತ ಒಂದು ಕೋಟನ್ನೂ ಕತ್ತರಿಸಿದೆ. ಹೆಂಡತಿ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯೋ ಜನ ನಾವು.

ಮಾರನೇ ದಿನ ಮನೆಯೊಡತಿಯ ಉತ್ತರ ಬಂತು. ನಿಮ್ಮ ನಾಯಿ ಹತ್ತೊಂಬತ್ತು ಇಂಚು ಇದೆ, ಕ್ಷಮಿಸಿ, ಆಗುವುದಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ತಕ್ಷಣ ಫೋನ್ ಮಾಡಿದೆ. "ಅಲ್ಲಾ ಮೇಡಂ, ಮೆಟ್ಟಿಲು ಹತ್ತಲಾರದವನು ನಿಮ್ಮ ಕಟ್ಟೆ ಹಾರ್ತಾನಾ?"

"ಎಲ್ಲರೂ ಹಾಗೇ ಹೇಳ್ತಾರೆ. ಒಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೂ ಬಿಡಬೇಕಾಗುತ್ತೆ" ಅಂದರು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹೆಂಗಸು. ನಾನೂ ಕಮ್ಮಿಯಿಲ್ಲ, ನಿಮ್ಮ ಮನೆ ನೀವೇ ಇಟ್ಕೊಳ್ಳಿ ಅಂತ ಫೋನ್ ಇಟ್ಟೆ. ಇಟ್ಟ ಮೇಲೆ ಹೆಂಡತಿಯ ಮುಖ ನೋಡಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಿ. ನೀವು ಹೋಗಿ ನೋಡ್ಕೊಂಡು ಬನ್ನಿ, ನಾನಿರ್ತೀನಿ" ಅಂದಳು. ಇಷ್ಟು ವರ್ಷ ನೂರು ಸಲ ಕೇಳಿದ ಮಾತು, ಅವತ್ತು ಮಾತ್ರ ಕೇಳಲಾಗಲಿಲ್ಲ. ನನಗೆ ಅವಳಿಲ್ಲದೆ ಸಮುದ್ರ ಕಟ್ಟಿಕೊಂಡು ಏನಾಗಬೇಕು.

ಕೋಟು ಹೊಲಿದು ಮುಗಿದಿತ್ತು, ಸುಮ್ಮನೆ ಬಿಸಾಡೋದು ಯಾಕೆ ಅಂತ ಅವಳು ದೊರೆಗೆ ತೊಡಿಸಿದಳು. ಅದು ಅವನ ಮೈಮೇಲೆ ನಿಲ್ಲಲೇ ಇಲ್ಲ. ಹೊಟ್ಟೆಯ ಕೆಳಗೆ ಜೋತು ಬಿತ್ತು, ಕುತ್ತಿಗೆ ಒಳಗೇ ಹೂತು ಹೋಯಿತು. ಅಪ್ಪನ ಕೋಟು ಹಾಕಿಕೊಂಡ ಮಗುವಿನ ಹಾಗೆ ನಮ್ಮಿಬ್ಬರನ್ನೂ ನೋಡುತ್ತಾ ನಿಂತ.

"ರೀ, ಇದು ಯಾರ ಅಳತೆ?"

"ಅವನದೇ."

"ಇದರೊಳಗೆ ಎರಡು ನಾಯಿ ಹಿಡಿಸ್ತವೆ. ಆ ಟೇಪು ಕೊಡಿ ಇಲ್ಲಿ."

ಕೋಟು ಬಿಚ್ಚಿ, ಅವಳೇ ಬಗ್ಗಿ ನೆಲದಿಂದ ಭುಜದ ತನಕ ಟೇಪು ಹಿಡಿದಳು. ಹದಿನೇಳು. ನಾನು ನಂಬಲಿಲ್ಲ, ನಾನೂ ಹಿಡಿದೆ. ಹದಿನೇಳೇ. ಅವಳು ಸೊಂಟದ ಮೇಲೆ ಕೈಯಿಟ್ಟು ಯೂನಿಫಾರಂ ರಾಶಿಯನ್ನೂ ನನ್ನನ್ನೂ ನೋಡಿದಳು. "ಎರಡಿಂಚು ಸೇರಿಸಿದ್ರಾ? ನಾಯಿಗೂ?"

ಸೇರಿಸಿದ್ದೆ. ಶಾಲೆಯ ಬಟ್ಟೆ ಹೊಲಿಯುವವನು ಮಗುವಿನ ಅಳತೆಯನ್ನು ಇದ್ದ ಹಾಗೆ ಬರೆಯುವುದಿಲ್ಲ. ಬೆಳೆಯೋ ಮಕ್ಕಳು, ವರ್ಷ ಪೂರ್ತಿ ಬರಬೇಕು, ಎರಡಿಂಚು ಲೂಸು ಬಿಡಿ ಅಂತ ತಾಯಂದಿರೇ ಹೇಳುತ್ತಾರೆ. ಟೇಪು ಹದಿನೇಳು ಅಂದರೆ ಕೈ ಹತ್ತೊಂಬತ್ತು ಅಂತ ಬರೆಯುತ್ತದೆ, ನನ್ನನ್ನು ಕೇಳುವುದೂ ಇಲ್ಲ. ದೊರೆ ಇನ್ನು ಬೆಳೆಯುವುದಿಲ್ಲ ಅಂತ ನನ್ನ ಕೈಗೆ ಯಾರೂ ಹೇಳಿರಲಿಲ್ಲ. ನನಗೆ ನಗು ಬಂತು. ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು, ಮುಚ್ಚಿಡಲು ಹೋಗಲಿಲ್ಲ. ಹೆಂಡತಿ ಸೆರಗಿನಿಂದ ನನ್ನ ಮುಖ ಒರೆಸಿ, "ಫೋನ್ ಮಾಡಿ, ಮೊದಲು ಕ್ಷಮೆ ಕೇಳಿ" ಅಂದಳು.

ಕೇಳಿದೆ. ಹದಿನೇಳು ಇಂಚು ಅಂದೆ.

"ನಿನ್ನೆ ಹತ್ತೊಂಬತ್ತು ಇತ್ತು. ಒಗೆದು ಹಾಕಿದ್ರಾ, ಕುಗ್ಗೋಕೆ?" ಅಂದರು ಮನೆಯೊಡತಿ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ದರ್ಜಿ, ಹೀಗ್ಹೀಗೆ ಮಕ್ಕಳ ಬಟ್ಟೆ, ಹೀಗೆ ಲೂಸು ಬಿಡುವ ಚಾಳಿ. ಹೆಂಡತಿ ಟೇಪು ಹಿಡಿದು ದೊರೆಯ ಫೋಟೊ ತೆಗೆದು ಕಳಿಸಿದಳು. ಆಮೇಲೆ ಆಕೆ ನಗುವುದು ಕೇಳಿಸಿತು, ನಕ್ಕು ನಕ್ಕು ಕೆಮ್ಮು ಬಂತು.

"ಮೂತಿ ಪೂರ್ತಿ ಬೆಳ್ಳಗಾಗಿದೆಯಲ್ರೀ" ಅಂದರು, ದನಿ ಮೆತ್ತಗಾಗಿತ್ತು. "ನೆಲ ಜಾರುತ್ತೆ. ಅವನು ಓಡಾಡೋ ಕಡೆ ಚಾಪೆ ಹಾಸಿಡ್ತೀನಿ. ಸರಿ, ಎಷ್ಟು ಜನ ಬರ್ತೀರ?"

"ಒಬ್ರು" ಅಂದುಬಿಟ್ಟೆ. ಬಾಯಿಗೂ ಕೈಯದೇ ಚಾಳಿ. ಹೆಂಡತಿ ತೋಳಿಗೆ ಚಿವುಟಿದಳು. "ಅಲ್ಲ ಅಲ್ಲ, ಇಬ್ರು ಮೇಡಂ. ಇಬ್ರು, ಜೊತೆಗೆ ಅವನು." ಆಕೆ ಬುಕ್ ಮಾಡಿಕೊಂಡರು.

ಆಮೇಲೆ ಹೊಳೆದದ್ದು ಬ್ಯಾಗಿನ ವಿಚಾರ. ಅಟ್ಟದಿಂದ ಇಳಿಸಿದರೆ ಇದ್ದದ್ದು ಅದೊಂದೇ, ಒಬ್ಬರ ಬಟ್ಟೆಗೆ ಸರಿಯಾಗಿ. ಕೊಳ್ಳೋಣ ಅಂದಳು. ದರ್ಜಿ ಮನೆಯವರು ಬ್ಯಾಗು ಕೊಂಡರೆ ನಗ್ತಾರೆ ಅಂತ ನಾನು ದಪ್ಪ ಬಟ್ಟೆ ಹುಡುಕಿ ಮೇಜಿನ ಮೇಲೆ ಹರಡಿದೆ. ದೊರೆ ಬಂದು ನೆಲಕ್ಕೆ ಇಳಿಬಿದ್ದ ಅದರ ತುದಿಯ ಮೇಲೇ ಮಲಗಿದ. ಅವನ ಕೋಟು ನಾನು ಆಗಲೇ ಚಿಕ್ಕದು ಮಾಡಿದ್ದೆ, ಮೈಗೆ ಸರಿಯಾಗಿ, ಒಂದೆಳೆಯೂ ಹೆಚ್ಚಿಲ್ಲದ ಹಾಗೆ.

ನಾನು ಸೀಮೆಸುಣ್ಣ ಕೈಗೆ ತಗೊಂಡಾಗ ಹೆಂಡತಿ ಪಕ್ಕದಲ್ಲಿ ಬಂದು ನಿಂತಳು. "ರೀ, ಇದಕ್ಕೆ ಬೇಕಾದ್ರೆ ಎರಡಿಂಚು ಬಿಡಿ."

"ಯಾಕೆ?"

"ಮುಂದಿನ ವರ್ಷ ಅವನ ಹಾಸಿಗೆನೂ ಇದರಲ್ಲೇ ಹಿಡಿಸ್ಬೇಕಲ್ಲ."

ಅವಳು ದೊರೆಯ ತಲೆ ಸವರುತ್ತಾ ಹೇಳಿದಳು, ನನ್ನ ಮುಖ ನೋಡಲಿಲ್ಲ. ನಾನು ಬಟ್ಟೆಯ ಮೇಲೆ ಗೀಟು ಎಳೆದೆ. ಎರಡಲ್ಲ, ನಾಲ್ಕಿಂಚು ಬಿಟ್ಟೆ.