ಬಳಸಿ ಹೋದ ಪೈಪು

ಅಗೆಯುವ ಕಡೆ ಪುರಾತತ್ವ ಇಲಾಖೆಯ ಪರವಾಗಿ ನಿಂತು ಮಣ್ಣು ನೋಡುವುದು ನನ್ನ ಕೆಲಸ. ಹಳೆಯ ಗೋಡೆಯೋ ಗೋರಿಯೋ ಕಂಡರೆ ನಾನು ಕೈ ಎತ್ತಬೇಕು, ಯಂತ್ರ ನಿಲ್ಲಬೇಕು. ಕೆಲಸಗಾರರು ನನಗೆ ‘ಬ್ರೇಕಮ್ಮ’ ಎಂದು ಹೆಸರಿಟ್ಟಿದ್ದಾರೆ. ಯಾರೂ ದಾಟಬಾರದೆಂದು ನಾನು ಕಟ್ಟುವ ಕೆಂಪು ಟೇಪಿನ ಮೇಲೆ ಟವೆಲ್ಲು ಒಣಗಿಸುತ್ತಾರೆ. ಬೈದರೆ ಅಂಗಿಯನ್ನೂ ಬಿಚ್ಚಿ ಹಾಕುತ್ತಾರೆ.

ಈ ಸಲ ನೀರಿನ ಪೈಪು ಬರುತ್ತಿದ್ದದ್ದು ನಮ್ಮ ಬೀದಿಗೇ. ನಮ್ಮ ಮನೆ ಮೂರನೇ ಮಹಡಿಯಲ್ಲಿ. ನಾನೂ ಗಂಡನೂ ಕೆಲಸಕ್ಕೆ ಹೋದ ಮೇಲೆ ಟ್ಯಾಂಕರ್ ಬರುವುದರಿಂದ ನೀರು ಹೊರುವವರು ಅತ್ತೆ. ಮೊಣಕಾಲು ನೋವು, ಮೆಟ್ಟಿಲಿಗೊಂದು ಬೈಗುಳ. ಅಡುಗೆಮನೆಗೆ ಹೊಸ ನಲ್ಲಿ ಆಗಲೇ ಹಾಕಿಸಿದ್ದರು. ಹನಿ ನೀರು ಬರದಿದ್ದರೂ ದಿನಾ ಒರೆಸುತ್ತಿದ್ದರು. ಮಹಾ ಹಠಮಾರಿ ಹೆಂಗಸು. ಬಸ್ ನಿಲ್ದಾಣ ಎದುರಿಗೇ ಇದ್ದರೂ ಒಳಗೆ ಕಾಲಿಡದೆ, ಮುಂದಿನ ಸ್ಟಾಪಿನವರೆಗೆ ಕುಂಟುತ್ತ ಹೋಗಿ ಬಸ್ಸು ಹತ್ತುವವರು. ಕೇಳಿದರೆ “ಅಲ್ಲಿ ಗಲೀಜು” ಅನ್ನುವರು.

ನಮ್ಮ ಬೀದಿಯ ತಿರುವಿನಲ್ಲಿ ಯಂತ್ರ ಕೆರೆದಾಗ ಹಳದಿ ನೆಲದ ನಡುವೆ ಕಪ್ಪು ಕಲೆಯೊಂದು ಕಂಡಿತು. ಒಮ್ಮೆ ಅಗೆದು ಮುಚ್ಚಿದ ಮಣ್ಣು ಮತ್ತೆ ಹಳೆಯ ಬಣ್ಣಕ್ಕೆ ಬರುವುದಿಲ್ಲ. ಉದ್ದ ಒಂದು ದಿಂಬಿನಷ್ಟು. ಪುಟ್ಟ ಗೋರಿ.

ಯಂತ್ರದವನು ಕೂತಲ್ಲಿಂದಲೇ ಹೇಳಿದ, “ಮೇಡಂ, ನಿಮ್ಮನೆ ಅಲ್ಲೇ ಕಾಣ್ತಿದೆ. ನಾನಂತೂ ಏನೂ ನೋಡಿಲ್ಲ. ನೀವು ಒಂದ್ಸಲ ಆ ಕಡೆ ತಿರುಗಿ ನಿಂತ್ಕೊಳ್ಳಿ, ಸಾಕು.”

ಬಾಲ್ಕನಿಯಲ್ಲಿ ಅತ್ತೆ ನಿಂತಿದ್ದರು. ತಿರುಗಿ ನಿಲ್ಲಬೇಕೆಂದು ನನಗೆ ಬಹಳ ಆಸೆಯಾಯಿತು. ಆದರೂ ಕೈ ಎತ್ತಿದೆ.

ಗೋರಿಯನ್ನು ಕದಲಿಸುವ ಹಾಗಿಲ್ಲ, ಪೈಪು ಅದನ್ನು ಬಳಸಿ ಕೆಳಬೀದಿಗೆ ಹೋಗಲಿ, ನಮ್ಮ ಬೀದಿಗೆ ಮುಂದಿನ ಹಂತದಲ್ಲಿ ಎಂದು ತೀರ್ಮಾನವಾಯಿತು. ಆ ಮುಂದಿನ ಹಂತ ಎಷ್ಟು ಮುಂದೆ ಎಂಬುದು ಎಲ್ಲರಿಗೂ ಗೊತ್ತು. “ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ” ಎಂದು ಕೆಳಮನೆಯಾಕೆ ನನಗೆ ಕೇಳಿಸಲೆಂದೇ ಅಂದಳು. ಮನೆಯಲ್ಲಿ ಅತ್ತೆಯ ಪರವಾಗಿ ಪಾತ್ರೆಗಳು ಮಾತಾಡಿದವು.

ಮರುದಿನ ನಾನು ಕುಂಚದಿಂದ ಮಣ್ಣು ಬಿಡಿಸುತ್ತಿದ್ದಾಗ ಅವರು ಖಾಲಿ ಕೊಡ ಹಿಡಿದು ಬಂದರು. ಬೈಸಿಕೊಳ್ಳಲು ಸಿದ್ಧಳಾಗಿ ಎದ್ದು ನಿಂತೆ. ಅವರು ಬಗ್ಗಿ ಗುಂಡಿಯೊಳಗೆ ನೋಡಿದರು.

“ಮಗುನಾ?”

“ಹೌದು ಅತ್ತೆ. ತುಂಬಾ ಹಳೇದು. ಇದರೋರು ಅಂತ ಈಗ ಯಾರೂ ಇರಲ್ಲ.”

ಅತ್ತೆ ಕೊಡವನ್ನು ಕೆಳಗಿಟ್ಟರು. “ನಿನ್ನ ಗಂಡನಿಗಿಂತ ಮೊದಲು ನಂಗೊಂದು ಹೆಣ್ಣು ಮಗು ಆಗಿತ್ತು. ಅವನಿಗೂ ಗೊತ್ತಿಲ್ಲ. ಊರಾಚೆ ಮಣ್ಣು ಮಾಡಿದ್ವಿ. ಆಮೇಲೆ ಊರು ಬೆಳೆದು ಅಲ್ಲೇ ಈ ಬಸ್ ನಿಲ್ದಾಣ ಕಟ್ಟಿದ್ರು. ಸುದ್ದಿ ತಿಳಿದು ನಾನು ಹೋಗೋಷ್ಟರಲ್ಲಿ ಸಿಮೆಂಟು ಹಾಕಾಗಿತ್ತು. ಎಲ್ಲಿದ್ದಾಳೋ ಗೊತ್ತಿಲ್ಲ. ಎಲ್ಲಿ ಅಂತ ಕಾಲಿಡ್ಲಿ?”

ಮುಂದಿನ ಸ್ಟಾಪಿಗೆ ಕುಂಟುವ ಅವರ ಹಠಕ್ಕೆ ಇಷ್ಟು ವರ್ಷ ಬೆನ್ನ ಹಿಂದೆ ನಕ್ಕಿದ್ದೆ.

ಅವರು ಟೇಪಿನ ಮೇಲಿದ್ದ ಟವೆಲ್ಲುಗಳನ್ನು ಒಂದೊಂದಾಗಿ ತೆಗೆದು ಯಂತ್ರದವನ ಕೈಗಿಟ್ಟರು. “ಇಲ್ಲಿ ಮಗು ಮಲಗಿದೆ ಕಣಪ್ಪ. ಬಟ್ಟೆ ಬೇರೆ ಕಡೆ ಒಣಗಿಸ್ಕೊಳ್ಳಿ.”

ಅಷ್ಟರಲ್ಲಿ ಟ್ಯಾಂಕರ್ ಬಂತು. ನಾನು ಕೊಡಕ್ಕೆ ಕೈ ಹಾಕಿದೆ. ಅವರು ಬಿಡಲಿಲ್ಲ.

“ನೀರು ನಾನು ಹೊರ್ತೀನಿ,” ಎಂದರು. “ನೀನು ಇಲ್ಲೇ ನಿಂತಿರು.”