ಚಪ್ಪಟೆ ಮನೆಗೊಂದು ಚೂಪು ತುದಿ

ನನ್ನ ಗಂಡ ಏಕಾರ್ಟ್, ನನ್ನ ತಮ್ಮ ಹಿನ್ನರ್ಕ್, ಇಬ್ಬರೂ ವಾಸ್ತುಶಿಲ್ಪಿಗಳೇ. ಒಂದೇ ಮೇಜಿಗೆ ಕೂತರೆ ಮಾತ್ರ ಹಾವು ಮುಂಗುಸಿ. ಏಕಾರ್ಟನಿಗೆ ಗೆರೆ ನೆಟ್ಟಗಿರಬೇಕು, ಉಪಯೋಗಕ್ಕೆ ಬಾರದ ಒಂದು ಮೊಳೆಯೂ ಇರಕೂಡದು. ಹಿನ್ನರ್ಕನ ಕೆಂಪು ಇಟ್ಟಿಗೆಗಳೋ, ಬಳುಕಿ, ಮಡಚಿಕೊಂಡು, ಮೊನೆಯಾಗಿ ಆಕಾಶಕ್ಕೇಳಬೇಕು. ಏಕಾರ್ಟನದು ಸಕ್ಕರೆ ಡಬ್ಬಿ ಎಂದು ಹಿನ್ನರ್ಕ್, ಹಿನ್ನರ್ಕನದು ಜ್ವರದ ಕನಸು ಎಂದು ಏಕಾರ್ಟ್. ಹ್ಯಾಂಬರ್ಗಿನಲ್ಲಿ ಇವರ ಜಗಳ ಕೇಳದವರಿಲ್ಲ. ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿಯಲ್ಲಿ ಏಕಾರ್ಟ್ ನಮಗೇ ಒಂದು ಮನೆ ಕಟ್ಟಿದ.

ಯಾರದೇ ಮನೆಗೆ ಸೂರಿನ ಮರ ಏರಿದ ದಿನ ನಮ್ಮಲ್ಲಿ ಹಬ್ಬ. ಬಡಗಿ ಮೇಸ್ತ್ರಿ ಇಳಿಜಾರು ಸೂರಿನ ನೆತ್ತಿಯ ತೊಲೆಗೆ ಹಸಿರು ಹಾರ ಕಟ್ಟಿ, ಮನೆಯನ್ನು ಹರಸಿ, ಒಂದು ಗುಟುಕು ಕುಡಿದು ಗ್ಲಾಸನ್ನು ಕೆಳಗೆಸೆಯಬೇಕು. ಒಡೆದರೆ ಮನೆಗೆ ಒಳ್ಳೆಯದು. ನನ್ನಪ್ಪ ಊರವರ ಮನೆಗಳನ್ನೆಲ್ಲ ಹೀಗೆ ಹರಸಿದ ಮೇಸ್ತ್ರಿ. ಮಗಳ ಮನೆಯನ್ನು ಹರಸುವುದು ಅವರ ಬಹುದಿನದ ಆಸೆ, ನನ್ನದೂ ಕೂಡ. ಎಲ್ಲಕ್ಕೂ ಲೆಕ್ಕ ಹಾಕುವ ನನ್ನ ಗಂಡರಾಯ ಇದೊಂದನ್ನೇ ಮರೆತಿದ್ದ. ಚಪ್ಪಟೆ ತಾರಸಿಯಲ್ಲಿ ಹಾರ ಕಟ್ಟುವುದಾದರೂ ಎಲ್ಲಿಗೆ?

ಅಪ್ಪ ಬಂದರು, ತಲೆಯೆತ್ತಿ ನೋಡಿದರು.

"ಇದಕ್ಕೆ ಬಡಗಿ ಯಾಕಮ್ಮಾ ಬೇಕು? ಮುಚ್ಚಳ ಹಾಕಿದಾರೆ, ಅಷ್ಟೇ ತಾನೆ."

ಹಾರವನ್ನು ಗಾಡಿಯಿಂದ ಇಳಿಸದೆ ಹೊರಟೇಹೋದರು. ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಹರಸದ ಮನೆಗೆ ನಾನು ಕಾಲಿಡುವುದಿಲ್ಲ, ನಿನ್ನ ಡಬ್ಬಿಯಲ್ಲಿ ನೀನೇ ಇರು ಎಂದು ಗಂಡನ ಮೇಲೆ ಹರಿಹಾಯ್ದೆ. ಆಮೇಲೆ ಆ ಜಂಬದ ಮನುಷ್ಯ ಸೀದಾ ಹಿನ್ನರ್ಕನ ಬಳಿ ಹೋಗಿ, ತಾರಸಿಗೊಂದು ಚೂಪು ತುದಿ ಬೇಕು ಅಂದನಂತೆ.

"ಏನಕ್ಕೆ ಉಪಯೋಗ ಭಾವ ಅದು?" ತಮ್ಮ ಬೇಕೆಂದೇ ಕೆಣಕಿದನಂತೆ.

"ಏನಕ್ಕೂ ಇಲ್ಲ ಮಾರಾಯ. ನಿಮ್ಮಪ್ಪನಿಗೆ ಬೇಕು."

ಮುಂದಿನ ಶನಿವಾರ ತಾರಸಿಯ ಮೇಲೆ ಹಿನ್ನರ್ಕ್ ಹಲಗೆಗಳಲ್ಲಿ ಕಟ್ಟಿದ ಚೂಪು ತುದಿಯ ಸೊಟ್ಟ ನಕ್ಷತ್ರವೊಂದು ಎದ್ದಿತ್ತು. ನಾನೇ ಹೋಗಿ ಅಪ್ಪನನ್ನು ಕರೆತಂದೆ. ಗೊಣಗುತ್ತಲೇ ಹತ್ತಿ ಅದರ ತುದಿಗೆ ಹಾರ ಕಟ್ಟಿದರು. ಹರಸುವಾಗ ನನ್ನ ಹೆಸರನ್ನು ಎರಡು ಸಲ ಹೇಳಿದರು. ಗ್ಲಾಸು ನುಚ್ಚುನೂರಾಯಿತು, ದೇವರು ದೊಡ್ಡವನು.

ಆಮೇಲೆ ಇಳಿಯಲೇ ಒಲ್ಲರು. ಕುರ್ಚಿ ತರಿಸಿಕೊಂಡರು, ಬಿಯರ್ ತರಿಸಿಕೊಂಡರು, ಎಲ್ಬೆ ನದಿಯ ಹಡಗುಗಳನ್ನು ನೋಡುತ್ತ ಕೂತರು.

"ಜೀವಮಾನವೆಲ್ಲ ಇಳಿಜಾರು ಸೂರಿನ ಮೇಲೇ ಕಳೆದೆ ಕಣಮ್ಮಾ. ಒಂದಿನಾನೂ ಹಿಂಗೆ ಕಾಲು ಚಾಚಿ ಕೂತಿರ್ಲಿಲ್ಲ."

ಸಂಜೆ ನಕ್ಷತ್ರ ಬಿಚ್ಚಲು ಹಿನ್ನರ್ಕ್ ಸುತ್ತಿಗೆ ಹಿಡಿದು ಬಂದ. ಏಕಾರ್ಟ್ ಅವನ ಕೈ ಹಿಡಿದ.

"ಬಿಚ್ಚಬೇಡ. ಮಾವ ಅದಕ್ಕೆ ಟೋಪಿ ನೇತುಹಾಕಿದಾರೆ, ಕಾಣಲ್ವಾ? ಉಪಯೋಗಕ್ಕೆ ಬರ್ತಿದೆ."