ಸುಣ್ಣ ಬಿಟ್ಟು ನಲವತ್ತು ದಿನ

ರಾಜೀವಿಯಕ್ಕ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಅಂದಿಗೆ ನಲವತ್ತು ದಿನ. ಹಾಲು ಬಿಟ್ಟಿದ್ದರು. ಮೂಳೆ ಸವೆತಕ್ಕೆಂದು ಡಾಕ್ಟರು ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆಯನ್ನೂ ಬಿಟ್ಟಿದ್ದರು.

ಕಾರಣವಿತ್ತು. ಸಿದ್ಧಕಟ್ಟೆಯ ಅವರ ಮನೆಯಿಂದ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹತ್ತು ನಿಮಿಷದ ದಾರಿ, ನಡುವೆ ಎರಡು ಮೋರಿ. ಬೀಡಿ ಚೀಲ ಹಿಡಿದು ಹೊರಟರೆ ನಡುದಾರಿಯಲ್ಲಿ ಎದೆ ಬಿಗಿದು ನೋವು ಎಡಗೈಗೆ ಇಳಿಯುತ್ತಿತ್ತು. ಎರಡನೇ ಮೋರಿಯ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡು ಮುಂದೆ ಹೋಗುತ್ತಿದ್ದರು. ಮಂಗಳೂರಿನಲ್ಲಿ ಆಂಜಿಯೋಗ್ರಾಂ ಮಾಡಿಸಿದಾಗ ಡಾಕ್ಟರು ಹೇಳಿದರು: "ಹೃದಯದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ ಕಟ್ಟಿದೆ. ಒಳಗೆ ಬರೀ ಬಲೂನು ಉಬ್ಬಿಸಿದರೆ ಅದು ಬಗ್ಗುವುದಿಲ್ಲ. ಮೊದಲು ಕ್ಯಾಲ್ಸಿಯಂ ಒಡೆದು, ಆಮೇಲೆ ನಾಳವನ್ನು ತೆರೆದಿಡುವ ಸ್ಟೆಂಟ್ ಇಡಬೇಕು. ತಡ ಮಾಡಬೇಡಿ."

ಕ್ಯಾಲ್ಸಿಯಂ ಅಂದರೆ ಸುಣ್ಣ ಎಂದು ರಾಜೀವಿಯಕ್ಕನಿಗೆ ಗೊತ್ತಿತ್ತು. "ತಿಂದು ಕಟ್ಟಿದ್ದು, ತಿನ್ನದಿದ್ದರೆ ಕರಗ್ತದೆ" ಎಂದು ಗಂಡ ವೆಂಕಪ್ಪಣ್ಣನಿಗೆ ಹೇಳಿ, ಸುಣ್ಣದ ಡಬ್ಬಿಯನ್ನು ತೆಂಗಿನ ಬುಡಕ್ಕೆ ಎಸೆದರು.

ಆ ಭಾನುವಾರ ಪಕ್ಕದ ಮನೆಯ ಜೈನಬಮ್ಮನ ಮಗಳು ಶಮ್ನಾ ಮಾತಾಡಿಸಲು ಬಂದಳು. ಅವಳು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ, ಆಂಜಿಯೋಪ್ಲಾಸ್ಟಿ ಮಾಡುವ ವಿಭಾಗದಲ್ಲಿ, ಆರು ವರ್ಷದಿಂದ ನರ್ಸ್.

"ನೋಡು ಮಗಾ, ನಲವತ್ತು ದಿನ ಆಯ್ತು, ಒಂದು ಚೂರು ಸುಣ್ಣ ಮುಟ್ಟಲಿಲ್ಲ" ಎನ್ನುತ್ತ ರಾಜೀವಿಯಕ್ಕ ಎಲೆಯ ಮೇಲೆ ಅಡಿಕೆ ಹೋಳಿಟ್ಟು, ಅದರ ಮೇಲೊಂದು ತುಂಡು ಹೊಗೆಸೊಪ್ಪು ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡರು.

ಶಮ್ನಾ ಹಣೆಗೆ ಕೈ ಹಚ್ಚಿಕೊಂಡಳು. "ಅಲ್ಲ ರಾಜೀವಿಯಕ್ಕಾ, ಮೊದಲು ಬಿಡಬೇಕಾದದ್ದನ್ನು ಬಾಯಲ್ಲೇ ಇಟ್ಟುಕೊಂಡಿದ್ದೀರಲ್ಲ!"

"ಒಳಗೆ ಕಟ್ಟಿದ್ದು ಸುಣ್ಣ ಅಲ್ವಾ ಮಾರಾಯ್ತಿ?"

"ಅದು ಎಲೆಗೆ ಹಚ್ಚಿದ ಸುಣ್ಣ ಅಲ್ಲ, ಹಾಲಿನದ್ದೂ ಅಲ್ಲ. ರಕ್ತನಾಳ ವರ್ಷಗಟ್ಟಲೆ ಕೆಟ್ಟಲ್ಲಿ ದೇಹವೇ ಕ್ಯಾಲ್ಸಿಯಂ ತಂದು ಕೂರಿಸ್ತದೆ. ನಿಮಗೆ ಸಕ್ಕರೆ ಕಾಯಿಲೆ ಹದಿನೆಂಟು ವರ್ಷದಿಂದ ಉಂಟು. ಬಿ.ಪಿ. ಉಂಟು. ಮೇಲಿಂದ ಈ ಹೊಗೆಸೊಪ್ಪು. ಇಷ್ಟು ಗಟ್ಟಿ ಕಟ್ಟಿದ್ದು ಪಥ್ಯಕ್ಕೆ ಕರಗುವುದಿಲ್ಲ."

"ನಾನು ಆಗಲೇ ಹೇಳಿದೆ" ಎಂದರು ವೆಂಕಪ್ಪಣ್ಣ. "ನನ್ನ ಮಾತು ಈ ಮನೆಯಲ್ಲಿ ನಡೆಯುವುದು ಉಂಟಾ?"

"ನೀವು ಸುಮ್ಮನಿರಿ. ಹೃದಯಕ್ಕೆ ಡ್ರಿಲ್ ಬಿಡ್ತಾರಂತೆ ಮಗಾ, ಬೋರ್‌ವೆಲ್ ಕೊರೆದ ಹಾಗೆ. ನನಗೆ ಹೆದರಿಕೆ."

"ಆ ಡ್ರಿಲ್ ಎಷ್ಟು ದೊಡ್ಡದು ಗೊತ್ತುಂಟಾ? ಸಾಸಿವೆ ಕಾಳಿನಷ್ಟು. ಅದರ ಮೈಮೇಲೆ ವಜ್ರದ ಪುಡಿ. ನಿಮಿಷಕ್ಕೆ ಸುಮಾರು ಒಂದೂವರೆ ಲಕ್ಷ ಸುತ್ತು. ಸವೆದು ಬರುವ ಪುಡಿ ಹೆಚ್ಚಿನದ್ದೂ ರಕ್ತಕಣಕ್ಕಿಂತ ಸಣ್ಣ. ಡಾಕ್ಟರು ಕೆಲವೇ ಸೆಕೆಂಡು ತಿರುಗಿಸಿ, ನಿಲ್ಲಿಸಿ, ನೋಡಿ, ಮತ್ತೆ ತಿರುಗಿಸ್ತಾರೆ. ಆರು ವರ್ಷದಿಂದ ನೋಡ್ತಿದ್ದೇನೆ, ಇವತ್ತಿಗೂ ಆ ಕೈಯ ಹತೋಟಿ ಕಂಡರೆ ನಾನು ಉಸಿರು ಬಿಗಿಹಿಡಿದು ನಿಲ್ತೇನೆ."

ಅವಳು ವೆಂಕಪ್ಪಣ್ಣನ ಕಡೆ ತಿರುಗಿದಳು. "ನಿಮ್ಮ ಕಿಡ್ನಿ ಕಲ್ಲನ್ನು ಕೊಯ್ಯದೆ, ಹೊರಗಿನಿಂದ ಕಂಪನದ ಅಲೆ ಬಿಟ್ಟು ಒಡೆದರಲ್ಲ? ಈಗ ಅಂಥದ್ದೇ ಅಲೆಯನ್ನು ಬಲೂನಿನ ಒಳಗಿನಿಂದ ಬಿಟ್ಟು ಕ್ಯಾಲ್ಸಿಯಂಗೆ ಬಿರುಕು ಹುಟ್ಟಿಸುವ ವಿಧಾನವೂ ಉಂಟು. ಯಾರಿಗೆ ಯಾವುದು ಅಂತ ಡಾಕ್ಟರು ನಾಳವನ್ನು ನೋಡಿ ಹೇಳ್ತಾರೆ."

"ಏನೂ ಆಗುವುದಿಲ್ಲ ಅಂತ ಬರೆದು ಕೊಡ್ತೀಯಾ?" ರಾಜೀವಿಯಕ್ಕ ಕೇಳಿದರು.

"ಇಲ್ಲ. ನಾಳಕ್ಕೆ ಪೆಟ್ಟಾಗುವ ಅಪಾಯ ಸ್ವಲ್ಪ ಉಂಟು. ಕೆಲವರಿಗೆ ಬೈಪಾಸೇ ಸರಿ. ಈಗ ನಾನೊಂದು ಕೇಳ್ತೇನೆ. ನಲವತ್ತು ದಿನದ ಹಿಂದೆ ಎರಡನೇ ಮೋರಿಯಲ್ಲಿ ಕೂತ್ಕೊಳ್ತಿದ್ರಿ. ಈಗ ಎಲ್ಲಿ?"

ರಾಜೀವಿಯಕ್ಕ ಅಗಿಯುವುದನ್ನು ನಿಲ್ಲಿಸಿದರು. ಮೊದಲನೇ ಮೋರಿಯನ್ನೂ ನಿನ್ನೆ ಮುಟ್ಟಲಾಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

"ಗೇಟಿನ ಹೊರಗಿನ ಕಲ್ಲಿನಲ್ಲಿ" ಎಂದರು ಮೆಲ್ಲಗೆ. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. "ನಾಳೆಯೇ ಹೋಗುವ."

"ನಾಳೆ ಅಲ್ಲ. ಎದೆನೋವು ಗೇಟಿನವರೆಗೆ ಬಂದಿದ್ದರೆ ಈಗಲೇ ಹೋಗುವ."

ಅಂದೇ ದಾಖಲಾದರು. ಮರುದಿನ ಮಣಿಕಟ್ಟಿನ ಬಳಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಲಿಂದಲೇ ಸಪೂರ ನಳಿಕೆ ಒಳಗೆ ಕಳಿಸಿದರು. ರಾಜೀವಿಯಕ್ಕ ಎಚ್ಚರವಾಗಿಯೇ ಇದ್ದರು. ಆಚೆ ಮನೆಯಲ್ಲಿ ಮಿಕ್ಸಿ ತಿರುಗಿದಂಥ ಸದ್ದು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಸ್ಟೆಂಟ್ ಸಲೀಸಾಗಿ ಅರಳಿತು. ಮೂರನೇ ದಿನ ಮನೆಗೆ ಬಂದರು.

ಈಗ ಅವರು ಎರಡೂ ಮೋರಿ ದಾಟಿ ಬ್ರಾಂಚಿನಲ್ಲೇ ನಿಲ್ಲುತ್ತಾರೆ. ಮೊನ್ನೆ ಊಟವಾದ ಮೇಲೆ ವೆಂಕಪ್ಪಣ್ಣ ಎಲೆಯಡಿಕೆ ತಟ್ಟೆಗೆ ಕೈ ಹಾಕಿದರೆ ಸಿಕ್ಕಿದ್ದು ಮಾತ್ರೆಗಳು.

"ಅಡಿಕೆ ಎಲ್ಲಿ ಮಾರಾಯ್ತಿ?"

"ಅದು ಇನ್ನು ಮಾತ್ರೆಯ ತಟ್ಟೆ. ನೀವೂ ಬಾಯಿ ತೊಳೆದುಕೊಂಡು ಬನ್ನಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಡೆಯುವಾಗ ನೀವು ಕೂತು ಸುಧಾರಿಸಿಕೊಳ್ಳುವ ಜಾಗ ಮನೆಗೆ ಹತ್ತಿರವಾಗುತ್ತ ಬಂದಿದೆಯೇ? ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸುಮ್ಮನೆ ಕೂತಿರುವಾಗಲೂ ಎದೆ ಬಿಗಿದು ಬೆವರಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಸಕ್ಕರೆ, ಬಿ.ಪಿ. ಹತೋಟಿಯಲ್ಲಿರಲಿ. ತಂಬಾಕು ಬಿಡಿ. ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಗಟ್ಟಿ ಕಟ್ಟಿದ ರಕ್ತನಾಳಕ್ಕೂ ಇಂದು ಚಿಕಿತ್ಸೆ ಇದೆ. ಅದು ನಲವತ್ತು ದಿನ ಕಾಯುವ ಕಾಯಿಲೆಯಲ್ಲ.